ಹಾಲಿ ಸಿಕ್ಕಾದಿಂದ ಹುಡುಗರ ಪಾಸ್‌ಬುಕ್ಕಿನ ತನಕ

ಹೋದ ವರ್ಷ ಶಾಲೆ ಸುರುವಾದ ದಿನಗಳಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಒಂದು ಅರ್ಜಿ ಹಿಡಿದುಕೊಂಡು ನಮ್ಮ ವಾಚನಾಲಯಕ್ಕೆ ಬಂದಳು. ಎಂಟನೇ ತರಗತಿಯಲ್ಲಿ ಬರೆದ ಎನ್.ಎಂ.ಎಂ.ಎಸ್. ಪರೀಕ್ಷೆಯಲ್ಲಿ ಆಕೆ ಆಯ್ಕೆಯಾಗಿದ್ದಳು. ವರ್ಷಕ್ಕೆ 12,000 ರೂಪಾಯಿಯಂತೆ ಹನ್ನೆರಡನೇ ತರಗತಿಯ ತನಕ ಬರುವ ವಿದ್ಯಾರ್ಥಿವೇತನ ಅದು. ಆ ರೊಕ್ಕ ನೇರವಾಗಿ ವಿದ್ಯಾರ್ಥಿಯ ಖಾತೆಗೇ ಬೀಳುತ್ತದೆ. ಆದರೆ ಹುಡುಗಿಗೆ ಖಾತೆ ಇರಲಿಲ್ಲ. ಅಪ್ಪ ಅವ್ವ ಇಬ್ಬರೂ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿ ಇದ್ದದ್ದು ಹೆಬ್ಬೆಟ್ಟು ಒತ್ತುವ ಅಜ್ಜಿ ಒಬ್ಬಳೇ. ಬ್ಯಾಂಕಿನ ಒಂದು ಶಾಖೆಯಲ್ಲಿ "ಅಪ್ಪನ್ನ ಕರ್ಕೊಂಡು ಬಾ, ಅಪ್ಪನ ಸಹಿ ಬೇಕು" ಅಂದು ತಿರುಗಿಸಿ ಕಳಿಸಿದ್ದರು.

"ಸರ್, ಪರೀಕ್ಷಿ ಬರದಾಕಿ ನಾನು. ರೊಕ್ಕ ನಂದು. ಸಹಿ ಮಾತ್ರ ಯಾಕ ಬ್ಯಾರೆದವ್ರದು ಬೇಕು?" ಅಂತ ಆಕೆ ಕೇಳಿದಳು.

ನಾನು ಮೂವತ್ತು ವರ್ಷ ಪಾಠ ಹೇಳಿದವನು. ಆದರೂ ಆ ಪ್ರಶ್ನೆಗೆ ನನ್ನ ಹತ್ತಿರ ಕೂಡಲೇ ಉತ್ತರ ಇರಲಿಲ್ಲ. ಮನೆಗೆ ಬಂದು ಹಳೆಯ ಪುಸ್ತಕ, ಕಾನೂನು, ರಿಸರ್ವ್ ಬ್ಯಾಂಕಿನ ಸುತ್ತೋಲೆ ಎಲ್ಲ ಹುಡುಕಿದೆ. ಹುಡುಕುತ್ತಾ ಹೋದಂತೆ ನಮ್ಮ ಕಡೆಯ ರೊಕ್ಕದ ಚರಿತ್ರೆಯೇ ತೆರೆದುಕೊಂಡಿತು. ಅದನ್ನು ಇಲ್ಲಿ ಬರೆದಿದ್ದೇನೆ. ಮನೆಯ ಹುಡುಗ ಹುಡುಗಿಗೆ ಮೊದಲ ಖಾತೆ ಮಾಡಿಸುವ ಮುಂದೆ ಹಿರಿಯರೂ, ಶಾಲೆಯ ಸರ್ ಮೇಡಂಗಳೂ ಒಮ್ಮೆ ಓದಲಿ ಎಂಬುದು ನನ್ನ ಆಸೆ.

ಎರಡು ನಾಣ್ಯದ ಕಾಲ

ನಮ್ಮ ಮಕ್ತಲ್, ನಾರಾಯಣಪೇಟೆ, ಗದ್ವಾಲ ಸೀಮೆ ನಿಜಾಮರ ಹೈದರಾಬಾದ್ ರಾಜ್ಯದ್ದು. ಆಗ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ಕ್ಕೆ ರಾಜ್ಯಗಳು ಬೇರೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲೂಕುಗಳು ಆಂಧ್ರಪ್ರದೇಶಕ್ಕೆ, ಮಹಬೂಬನಗರ ಜಿಲ್ಲೆಗೆ ಬಂದವು. ಮನೆಮಾತು ಕನ್ನಡ, ಕಚೇರಿ ಮಾತು ತೆಲುಗು ಅನ್ನುವ ನಮ್ಮ ಬದುಕಿನ ಒಂದು ಬೇರು ಅಲ್ಲಿದೆ. ಅದಕ್ಕೂ ಮೊದಲು ಕಚೇರಿ ಮಾತು ಉರ್ದು ಇತ್ತು.

ನಿಜಾಮ ಸರ್ಕಾರಕ್ಕೆ ತನ್ನದೇ ರೂಪಾಯಿ ಇತ್ತು. ಚಾರ್ಮಿನಾರಿನ ಚಿತ್ರವಿದ್ದ ಅದನ್ನು ಹಾಲಿ ಸಿಕ್ಕಾ ಅನ್ನುತ್ತಿದ್ದರು. ಇಂಗ್ಲಿಷರ ರೂಪಾಯಿಗೆ ಕಲ್ದಾರ ಅಂತ ಹೆಸರು. ಆರು ಕಲ್ದಾರಕ್ಕೆ ಏಳು ಹಾಲಿ ಎಂಬುದು ಲೆಕ್ಕ. ಕೃಷ್ಣಾ ದಾಟಿ ರಾಯಚೂರಿಗೆ ಹೋದರೆ ಹಾಲಿಯೇ ನಡೆಯುತ್ತಿತ್ತು. ತುಂಗಭದ್ರಾ ದಾಟಿ ಕರ್ನೂಲಿಗೆ ಹೋದರೆ ಅದು ಮದ್ರಾಸ್ ಇಲಾಖೆ, ಕಲ್ದಾರ ಬೇಕು. ಸೊಲ್ಲಾಪುರದ ಪೇಟೆಯಲ್ಲೂ ಕಲ್ದಾರವೇ. ನಾರಾಯಣಪೇಟೆಯಲ್ಲಿ ಸೀರೆ ನೇಯುವವನು ತನ್ನ ಮಾಲು ಮರಾಠಿ ಸೀಮೆಗೆ ಹೋದರೆ ಎಷ್ಟು ಬರುತ್ತದೆ, ಮನೆಗೆ ಎಷ್ಟು ಮುಟ್ಟುತ್ತದೆ ಅನ್ನುವುದನ್ನು ಎರಡು ನಾಣ್ಯದಲ್ಲಿ ಲೆಕ್ಕ ಹಾಕಬೇಕು. ಓದು ಬರಹ ಇಲ್ಲದವನು ಆ ಲೆಕ್ಕವನ್ನು ಸಾವ್ಕಾರನಿಗೇ ಬಿಡಬೇಕಾಗಿತ್ತು.

ಸಾವ್ಕಾರರೆಲ್ಲ ಕೆಟ್ಟವರು ಅಂತ ನಾನು ಬರೆಯುವುದಿಲ್ಲ. ಬರಗಾಲದಲ್ಲಿ ಜ್ವಾಳ ಕೊಟ್ಟವರೂ ಅವರೇ. ಆದರೆ ಖಾತೆ ಅವರ ಅಂಗಡಿಯಲ್ಲಿ, ಅವರ ಅಕ್ಷರದಲ್ಲಿ, ಅವರ ಕೈಯಲ್ಲಿ ಇರುತ್ತಿತ್ತು. ರೈತ ಹೆಬ್ಬೆಟ್ಟು ಒತ್ತಿ ಬರುತ್ತಿದ್ದ. ಒಳಗೆ ಏನು ಬರೆದಿದೆ ಎಂದು ಓದಿ ನೋಡುವ ದಾರಿ ಅವನಿಗೆ ಇರಲಿಲ್ಲ. ಹಿರಿಯರು ರೊಕ್ಕ ಕೂಡಿಟ್ಟರೆ ಗಡಿಗೆಯಲ್ಲಿಟ್ಟು ಹುಗಿಯುತ್ತಿದ್ದರು, ಇಲ್ಲವೇ ಬೆಳ್ಳಿ ಮಾಡಿಸಿ ಮೈಮೇಲೆ ಹಾಕಿಕೊಳ್ಳುತ್ತಿದ್ದರು. ಕಣ್ಣಿಗೆ ಕಾಣುವ ಲೆಕ್ಕ ಅಂದರೆ ಅದೊಂದೇ.

ಟಪಾಲಿನ ಬುಕ್ಕು, ಉಡುಪಿಯ ಎರಡಾಣೆ

ಉಳಿತಾಯ ಮಾಡಿದವನ ಕೈಗೇ ಲೆಕ್ಕದ ಪುಸ್ತಕ ಕೊಡುವ ಪದ್ಧತಿಯನ್ನು ಹಳ್ಳಿಗಳ ತನಕ ಒಯ್ದದ್ದು ಟಪಾಲು ಇಲಾಖೆ. ಇಂಗ್ಲಿಷರ ಆಡಳಿತದ ಭಾಗಗಳಲ್ಲಿ 1882ರಲ್ಲಿ ಅಂಚೆ ಉಳಿತಾಯ ಬ್ಯಾಂಕು ಸುರುವಾಯಿತು. ಹೈದರಾಬಾದ್ ರಾಜ್ಯಕ್ಕೆ ಬೇರೆ ಟಪಾಲು, ಬೇರೆ ಸ್ಟಾಂಪು ಇದ್ದವು. 1950ರಲ್ಲಿ ಅದು ಭಾರತದ ಅಂಚೆಯೊಳಗೆ ಸೇರಿಹೋಯಿತು.

ಇತ್ತ ಕರಾವಳಿಯಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಕೈಮಗ್ಗ ಕುಸಿದು ನೇಕಾರರು ಕಷ್ಟದಲ್ಲಿದ್ದಾಗ ಅವರಿಗೆ ನೆರವಾಗಲೆಂದು ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 1925ರಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕು ಕಟ್ಟಿದರು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ಬ್ಯಾಂಕಿನವನೇ ದಿನಾಲು ಮನೆ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ತೆಗೆದುಕೊಂಡು ಹೋಗುತ್ತಿದ್ದ. ಹನಿ ಹನಿ ಕೂಡಿದರೆ ಹಳ್ಳ ಅನ್ನುವ ಗಾದೆಯನ್ನು ಅವರು ವ್ಯಾಪಾರವಾಗಿ ಮಾಡಿ ತೋರಿಸಿದರು. ದೊಡ್ಡ ರೊಕ್ಕ ಇದ್ದವರಿಗೇ ಬ್ಯಾಂಕು ಎಂಬ ಮಾತು ಅಲ್ಲಿ ಸುಳ್ಳಾಯಿತು.

ನಮ್ಮ ಶಾಲೆಗಳಲ್ಲಿ ಸಂಚಯಿಕಾ ಅಂತ ಒಂದು ಇತ್ತು. ವಯಸ್ಸಾದ ಓದುಗರಿಗೆ ನೆನಪಿರಬಹುದು. ಹುಡುಗರೇ ಮ್ಯಾನೇಜರು, ಹುಡುಗರೇ ಗುಮಾಸ್ತರು. ನಾಲ್ಕಾಣೆ ಎಂಟಾಣೆ ಕಟ್ಟಿಸಿಕೊಂಡು, ಬುಕ್ಕಿನಲ್ಲಿ ಬರೆದು, ಕೂಡಿದ ರೊಕ್ಕವನ್ನು ಮಾಸ್ತರರ ಜೊತೆ ಹೋಗಿ ಟಪಾಲು ಕಚೇರಿಯಲ್ಲೋ ಬ್ಯಾಂಕಿನಲ್ಲೋ ಇಡುತ್ತಿದ್ದರು. ಕೂಡುವುದು ಕಳೆಯುವುದನ್ನು ಹಲಗೆಯ ಮೇಲೆ ತಪ್ಪು ಮಾಡುವ ಹುಡುಗ ಕೂಡ ತನ್ನ ನಾಲ್ಕಾಣೆಯ ಲೆಕ್ಕದಲ್ಲಿ ತಪ್ಪುತ್ತಿರಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬ್ಯಾಂಕು ಬಂತು, ಹೆಸರು ಬದಲಾಯಿತು

ನಿಜಾಮರ ಕಾಲದಲ್ಲಿ 1941ರ ಕಾಯಿದೆಯಿಂದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಹುಟ್ಟಿತು. ಹಾಲಿ ಸಿಕ್ಕಾದ ಉಸ್ತುವಾರಿಯೂ ಅದರದ್ದೇ. 1956ರಲ್ಲಿ ಅದನ್ನು ರಿಸರ್ವ್ ಬ್ಯಾಂಕ್ ವಹಿಸಿಕೊಂಡು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಂದು ಹೆಸರಿಟ್ಟರು. ನಮ್ಮ ಮಂದಿ ಎಸ್.ಬಿ.ಎಚ್. ಅಂತಲೇ ಕರೆದರು, ಈಗಲೂ ಹಿರಿಯರ ಬಾಯಲ್ಲಿ ಅದೇ ಹೆಸರು. 2017ರ ಏಪ್ರಿಲ್ 1ಕ್ಕೆ ಅದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು.

1969ರ ಜುಲೈ 19ರಂದು 14 ದೊಡ್ಡ ಬ್ಯಾಂಕುಗಳು ಸರ್ಕಾರದ ಕೈಗೆ ಬಂದವು. ಆಮೇಲೆ ಹಳ್ಳಿಗಳ ಕಡೆ ಶಾಖೆಗಳು ಬರತೊಡಗಿದವು. 1975ರ ಅಕ್ಟೋಬರ್ 2ರಂದು ದೇಶದ ಮೊದಲ ಐದು ಗ್ರಾಮೀಣ ಬ್ಯಾಂಕುಗಳು ಸುರುವಾದವು. ನಮ್ಮ ಪಾಲಮೂರಿಗೆ ಸಂಗಮೇಶ್ವರ ಗ್ರಾಮೀಣ ಬ್ಯಾಂಕ್ ಬಂತು. 2006ರಲ್ಲಿ ಅದು ಬೇರೆ ನಾಲ್ಕು ಬ್ಯಾಂಕುಗಳ ಜೊತೆ ಕೂಡಿ ಆಂಧ್ರಪ್ರದೇಶ ಗ್ರಾಮೀಣ ವಿಕಾಸ ಬ್ಯಾಂಕ್ ಆಯಿತು. 2025ರ ಜನವರಿ 1ರಿಂದ ಅದರ ನಮ್ಮ ಕಡೆಯ ಶಾಖೆಗಳು ತೆಲಂಗಾಣ ಗ್ರಾಮೀಣ ಬ್ಯಾಂಕಿನವು.

ಒಂದೇ ಜೀವಮಾನದಲ್ಲಿ ಒಂದೇ ಶಾಖೆಗೆ ಮೂರು ಹೆಸರು ನೋಡ್ರಿ. ಇದರಿಂದ ಠೇವಣಿದಾರನ ರೊಕ್ಕ ಹೋಗಲಿಲ್ಲ. ಆದರೆ ಬ್ಯಾಂಕು ಕೂಡಿದಾಗ ಐ.ಎಫ್.ಎಸ್.ಸಿ. ಕೋಡು ಬದಲಾಗಬಹುದು. ಹಳೆಯ ಪಾಸ್‌ಬುಕ್ ನೋಡಿ ಹಳೆಯ ಕೋಡು ಬರೆದು ಕಳಿಸಿದರೆ ವಿದ್ಯಾರ್ಥಿವೇತನ ಎಲ್ಲೋ ನಿಂತುಬಿಡುತ್ತದೆ. ಅರ್ಜಿ ತುಂಬುವ ಮುಂಚೆ ಹೊಸ ಪಾಸ್‌ಬುಕ್ ಮಾಡಿಸಿಕೊಳ್ಳಬೇಕು.

ಸಹಿ ಯಾರದು?

ಈಗ ಹುಡುಗಿಯ ಪ್ರಶ್ನೆಗೆ ಬರೋಣ. 1872ರ ಕರಾರು ಕಾಯಿದೆಯ ಪ್ರಕಾರ ವಯಸ್ಸಿಗೆ ಬಾರದವರು ಕರಾರು ಮಾಡಲು ಬರುವುದಿಲ್ಲ. ವಯಸ್ಸಿಗೆ ಬರುವುದು 18ಕ್ಕೆ ಎಂದು 1875ರ ಕಾಯಿದೆ ಹೇಳಿತು. ಬ್ಯಾಂಕು ಖಾತೆಯೂ ಒಂದು ಕರಾರೇ. ಅದಕ್ಕೇ ದೊಡ್ಡವರೊಬ್ಬರ ಸಹಿ ಕೇಳುವ ರೂಢಿ ಬಂತು. ಸಾಲ ಮಾಡಿಸಿ ಹುಡುಗರನ್ನು ಯಾರೂ ಮುಳುಗಿಸಬಾರದು ಎಂಬ ಒಳ್ಳೆಯ ಉದ್ದೇಶ ಅದರ ಹಿಂದೆ ಇದೆ.

ಆ ದೊಡ್ಡವರು ಯಾರು? 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯಿದೆಯಲ್ಲಿ ಮೊದಲು ತಂದೆ, ಅವನ ನಂತರ ತಾಯಿ ಎಂದು ಬರೆದಿತ್ತು. "ನಂತರ" ಅಂದರೆ ತಂದೆ ತೀರಿಕೊಂಡ ಮೇಲೆ ಎಂದು ಕಚೇರಿಗಳು ಓದಿಕೊಂಡವು. ತಂದೆ ದುಡಿಯಲು ಮುಂಬಯಿಗೆ ಹೋಗಿ ಮೂರು ವರ್ಷ ಮುಖ ತೋರಿಸದಿದ್ದರೂ, ಹೊಲ ಮನೆ ಮಕ್ಕಳು ಎಲ್ಲ ತಾಯಿಯ ಹೆಗಲ ಮೇಲಿದ್ದರೂ, ಕಾಗದದ ಮೇಲೆ ಆಕೆಯ ಸಹಿಗೆ ಬೆಲೆ ಇರಲಿಲ್ಲ. ಪಾಲಮೂರು ಲೇಬರ್ ಎಂದು ದೇಶವೆಲ್ಲ ಹೆಸರಾದ ನಮ್ಮ ಜಿಲ್ಲೆಯ ಎಷ್ಟು ಮನೆಗಳ ಕಥೆ ಇದು ಅಂತ ನಿಮಗೆ ನಾನು ಹೇಳಬೇಕಿಲ್ಲ.

1976ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ತಾಯಿಯನ್ನೇ ಪಾಲಕಿಯಾಗಿಟ್ಟು ಮಕ್ಕಳ ಠೇವಣಿ ಖಾತೆ ತೆರೆಯಲು ಬ್ಯಾಂಕುಗಳಿಗೆ ಒಪ್ಪಿಗೆ ಕೊಟ್ಟಿತು. ಆದರೂ ಮೂಲ ಕಾನೂನು ಹಾಗೇ ಇತ್ತು. 1984ರಲ್ಲಿ ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಅರ್ಜಿ ಹಾಕಿ, ಪಾಲಕಿ ಎಂದು ತಾವೇ ಸಹಿ ಮಾಡಿದರು. ತಂದೆಯ ಸಹಿ ತನ್ನಿ ಎಂದು ರಿಸರ್ವ್ ಬ್ಯಾಂಕು ಅರ್ಜಿ ಹಿಂದಕ್ಕೆ ಕಳಿಸಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1999ರ ಫೆಬ್ರುವರಿ 17ರಂದು ತೀರ್ಪು ಬಂತು. "ನಂತರ" ಎಂಬುದನ್ನು "ತಂದೆ ಇಲ್ಲದಿರುವಾಗ" ಎಂದು ಓದಬೇಕು, ತಂದೆ ಬದುಕಿದ್ದೂ ದೂರ ಇದ್ದರೆ, ಮಕ್ಕಳ ಜವಾಬ್ದಾರಿ ನೋಡದಿದ್ದರೆ, ಆಗಲೂ ತಾಯಿಯೇ ಸಹಜ ಪಾಲಕಿ ಎಂದು ನ್ಯಾಯಾಲಯ ಹೇಳಿತು. ಒಂದು ಶಬ್ದದ ಅರ್ಥ ತಿದ್ದಲು ದೇಶಕ್ಕೆ 43 ವರ್ಷ ಬೇಕಾಯಿತು.

ಆಮೇಲೆ ಮಕ್ಕಳ ಸ್ವಂತ ಸಹಿಯ ಮಾತು. ಹತ್ತು ವರ್ಷ ತುಂಬಿದ ಮಕ್ಕಳು ತಾವೇ ಖಾತೆ ತೆರೆದು ನಡೆಸಬಹುದು ಎಂದು 2014ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ತಿಳಿಸಿತು. 2025ರ ಏಪ್ರಿಲ್ 21ರ ಸುತ್ತೋಲೆಯಲ್ಲಿ ಅದನ್ನೇ ಇನ್ನಷ್ಟು ಸ್ಪಷ್ಟ ಮಾಡಿತು. ಯಾವ ವಯಸ್ಸಿನ ಮಗುವಿಗಾದರೂ ಪಾಲಕರ ಮೂಲಕ ಖಾತೆ ತೆರೆಯಬಹುದು, ಪಾಲಕಿ ತಾಯಿಯೂ ಆಗಬಹುದು. ಹತ್ತು ದಾಟಿದವರು ತಾವೇ ಖಾತೆ ನಡೆಸಬಹುದು. ಎಷ್ಟು ರೊಕ್ಕದ ತನಕ, ಎ.ಟಿ.ಎಂ. ಕಾರ್ಡು ಚೆಕ್ಕು ಕೊಡಬೇಕೋ ಬೇಡವೋ ಎಂಬುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಆದರೆ ಮಕ್ಕಳ ಖಾತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೆಗೆಯಲು ಬಿಡುವಂತಿಲ್ಲ, ಅಂದರೆ ಆ ಖಾತೆ ಎಂದೂ ಸಾಲಕ್ಕೆ ಬೀಳಬಾರದು. 1872ರ ಕಾಯಿದೆಯ ಉದ್ದೇಶವೂ ಉಳಿಯಿತು, ಹುಡುಗರ ಕೈಗೆ ಪುಸ್ತಕವೂ ಬಂತು.

ಹಾಗಾದರೆ ಆ ಹುಡುಗಿಗೆ ಹದಿನಾಲ್ಕು. ಅಪ್ಪನ ಸಹಿ ಇಲ್ಲದೆಯೂ ಆಕೆಗೆ ದಾರಿ ಇತ್ತು. ಕೌಂಟರಿನಲ್ಲಿ ಕುಂತವರಿಗೆ ಗೊತ್ತಿರಲಿಲ್ಲವೋ, ಕೆಲಸದ ಗದ್ದಲದಲ್ಲಿ ಹೇಳಲಿಲ್ಲವೋ, ನಮ್ಮ ಮಂದಿಗಂತೂ ಗೊತ್ತಿರಲಿಲ್ಲ.

ಯಾವ ಖಾತೆ ಮಾಡಿಸಬೇಕು?

ಮೂರು ದಾರಿ ಇವೆ. ಮೊದಲನೆಯದು ಟಪಾಲು ಕಚೇರಿಯ ಉಳಿತಾಯ ಖಾತೆ. ಹತ್ತು ದಾಟಿದ ಮಕ್ಕಳು ತಮ್ಮ ಹೆಸರಿನಲ್ಲೇ ತೆರೆಯಬಹುದು. 500 ರೂಪಾಯಿ ಯಾವಾಗಲೂ ಖಾತೆಯಲ್ಲಿರಬೇಕು, ವರ್ಷದ ಕೊನೆಗೆ ಅದಕ್ಕಿಂತ ಕಡಿಮೆ ಇದ್ದರೆ 50 ರೂಪಾಯಿ ಹಿಡಿಯುತ್ತಾರೆ. ಈಗಿನ ಬಡ್ಡಿ ನೂರಕ್ಕೆ ನಾಲ್ಕು. ರೊಕ್ಕಕ್ಕೆ ಸರ್ಕಾರವೇ ಹೊಣೆ. ಊರಲ್ಲೇ ಶಾಖಾ ಅಂಚೆ ಕಚೇರಿ ಇದ್ದರೆ ಹುಡುಗರು ಬಸ್ಸು ಹತ್ತಬೇಕಾಗಿಲ್ಲ. ಮೆಲ್ಲಗೆ ಕೂಡಿಡುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಎರಡನೆಯದು ಬ್ಯಾಂಕಿನಲ್ಲಿ ಪಾಲಕರು ನಡೆಸುವ ಖಾತೆ. ಹತ್ತರ ಒಳಗಿನ ಮಕ್ಕಳಿಗೆ ಇದೇ ಸರಿ. ಆದರೆ ಎಂಟನೇ ಒಂಬತ್ತನೇ ತರಗತಿಯ ಹುಡುಗರಿಗೆ ಇದನ್ನು ಮಾಡಿಸಿ, ಪಾಲಕರು ಊರು ಬಿಟ್ಟರೆ, ಖಾತೆಯಲ್ಲಿ ಫೀಜಿನ ರೊಕ್ಕ ಇದ್ದೂ ತೆಗೆಯಲು ಬರುವುದಿಲ್ಲ.

ಮೂರನೆಯದು ಹತ್ತು ದಾಟಿದವರು ತಾವೇ ನಡೆಸುವ ಬ್ಯಾಂಕು ಖಾತೆ. ಹತ್ತು ತುಂಬಿದವರಿಗೆ ಜನಧನ ಯೋಜನೆಯಲ್ಲೂ ಖಾತೆ ಸಿಗುತ್ತದೆ. ಆ ಯೋಜನೆ 2014ರ ಆಗಸ್ಟ್ 28ರಂದು ಸುರುವಾಯಿತು. ಅದರಲ್ಲಿ ಕನಿಷ್ಠ ಬಾಕಿ ಇಡಬೇಕೆಂಬ ಕಟ್ಟು ಇಲ್ಲ. ಪಾಲಕರು ದುಡಿಯಲು ಹೋಗುವ ಮನೆಯ ಮಕ್ಕಳಿಗೆ, ವಿದ್ಯಾರ್ಥಿವೇತನ ಬರುವವರಿಗೆ, ನಾನು ಈ ಮೂರನೆಯದನ್ನೇ ಹೇಳುತ್ತೇನೆ. ಟಪಾಲು ಖಾತೆ ಜೊತೆಗೆ ಇದ್ದರೂ ಅಡ್ಡಿಯಿಲ್ಲ.

ಯಾವುದನ್ನು ಮಾಡಿಸಿದರೂ ಕೆಲವು ಮಾತು ಕೇಳಿಯೇ ಸಹಿ ಹಾಕಬೇಕು. ಖಾತೆಯಲ್ಲಿ ಎಷ್ಟು ಉಳಿಸಬೇಕು, ಉಳಿಸದಿದ್ದರೆ ಎಷ್ಟು ಹಿಡಿಯುತ್ತೀರಿ? ಕಾರ್ಡಿಗೆ, ಮೆಸೇಜಿಗೆ ವರ್ಷಕ್ಕೆ ಎಷ್ಟು? ಕಾರ್ಡಿನಲ್ಲಿ ದಿನಕ್ಕೆ ಎಷ್ಟರ ತನಕ ತೆಗೆಯಬಹುದು? ಒಂದು ಬ್ಯಾಂಕು ಒಂದು ಹೇಳುತ್ತದೆ, ಇನ್ನೊಂದು ಬೇರೆ ಹೇಳುತ್ತದೆ. ಬ್ಯಾಂಕಿನ ಗೋಡೆಯ ಮೇಲಿನ ಹುಡುಗರ ಬಣ್ಣದ ಚಿತ್ರ ನೋಡಿ ಖಾತೆ ಆರಿಸಬಾರದು. ನಡೆದು ಹೋಗುವಷ್ಟು ದೂರ, ಹಿಡಿಯುವ ಖರ್ಚು, ಹುಡುಗರ ಸ್ವಂತ ಸಹಿ, ಈ ಮೂರನ್ನು ನೋಡಿದರೆ ಸಾಕು.

ಹೆಸರಿನ ತೊಡಕು ನಮ್ಮ ಕಡೆ ಹೆಚ್ಚು. ಶಾಲೆಯ ದಾಖಲೆಯಲ್ಲಿ ಒಂದು ರೀತಿ, ತೆಲುಗಿನವರ ಪದ್ಧತಿಯಂತೆ ಮನೆ ಹೆಸರು ಮುಂದೆ ಹಾಕಿ ಆಧಾರಿನಲ್ಲಿ ಇನ್ನೊಂದು ರೀತಿ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಹೆಚ್ಚು ಕಡಿಮೆಯಾದರೂ ವಿದ್ಯಾರ್ಥಿವೇತನದ ಅರ್ಜಿ ನಿಲ್ಲುತ್ತದೆ. ಖಾತೆ ತೆರೆಯುವ ಮೊದಲೇ ಶಾಲೆ, ಆಧಾರ್ ಎರಡನ್ನೂ ಒಂದೇ ಮಾಡಿಸಬೇಕು. ಇನ್ನೊಂದು, ಸರ್ಕಾರದ ರೊಕ್ಕ ಆಧಾರಿಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಬೀಳುತ್ತದೆ. ಯಾರೋ ಹೇಳಿದರೆಂದು ಎರಡನೇ ಖಾತೆ ತೆರೆದು ಅದಕ್ಕೆ ಆಧಾರ್ ಜೋಡಿಸಿದರೆ, ಹಳೆಯ ಪಾಸ್‌ಬುಕ್ ನೋಡಿ "ರೊಕ್ಕ ಬಂದಿಲ್ಲ" ಅಂತ ಅಳುವುದಾಗುತ್ತದೆ.

ಫೋನು ನಂಬರು ಮನೆಯಲ್ಲಿ ಇರುವವರದ್ದೇ ಕೊಡಬೇಕು. ಪಿನ್ನು, ಒ.ಟಿ.ಪಿ. ಯಾರಿಗೂ ಹೇಳಬಾರದು, ಖಾತೆ ಮಾಡಿಸಿಕೊಟ್ಟವರಿಗೂ ಹೇಳಬಾರದು. "ನಿನ್ನ ಖಾತೆಗೆ ರೊಕ್ಕ ಹಾಕ್ತೀನಿ, ತೆಗೆದುಕೊಡು, ನಿನಗೂ ಸ್ವಲ್ಪ ಕೊಡ್ತೀನಿ" ಅನ್ನುವವರು ಬಂದರೆ ಮನೆಯವರಿಗೆ ಹೇಳಬೇಕು. ಅದು ಮೋಸದ ರೊಕ್ಕ ಸಾಗಿಸುವ ದಾರಿ, ಕೇಸು ಖಾತೆದಾರನ ಮೇಲೆ ಬರುತ್ತದೆ.

ಎರಡು ವರ್ಷ ಹಾಕುವುದು ತೆಗೆಯುವುದು ಏನೂ ನಡೆಸದಿದ್ದರೆ ಬ್ಯಾಂಕು ಖಾತೆ ನಿಷ್ಕ್ರಿಯವಾಗುತ್ತದೆ, ಟಪಾಲಿನಲ್ಲಿ ಮೂರು ವರ್ಷಕ್ಕೆ. ವಿದ್ಯಾರ್ಥಿವೇತನಕ್ಕೆಂದು ತೆರೆದ ಸೊನ್ನೆ ಬಾಕಿಯ ಖಾತೆಗಳನ್ನು ಹಾಗೆ ನಿಷ್ಕ್ರಿಯ ಮಾಡಬಾರದು, ನಿಷ್ಕ್ರಿಯವಾದ ಖಾತೆಯಲ್ಲಿ ಕನಿಷ್ಠ ಬಾಕಿಯ ದಂಡ ಹಿಡಿಯಬಾರದು ಎಂದು 2024ರ ಏಪ್ರಿಲಿನಿಂದ ನಿಯಮ ಇದೆ. ಹದಿನೆಂಟು ತುಂಬಿದ ಮೇಲೆ ಹೊಸದಾಗಿ ಸಹಿ ಮಾದರಿ, ಕಾಗದಪತ್ರ ಕೊಡಬೇಕು. ಇಂಟರ್ ಮುಗಿಸಿ ಬೇರೆ ಊರಿಗೆ ಹೋಗುವ ಮುಂಚೆ ಈ ಕೆಲಸ ಮುಗಿಸಿಕೊಂಡು ಹೋಗುವುದು ಒಳ್ಳೆಯದು.

ಬ್ಯಾಂಕು ಮುಳುಗಿದರೆ? ಹಿರಿಯರ ಈ ಹೆದರಿಕೆ ಸುಳ್ಳಲ್ಲ. 1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿ ದೇಶವೇ ಗಾಬರಿಯಾಯಿತು. ಅದರ ಪರಿಣಾಮವಾಗಿ 1962ರ ಜನವರಿಯಿಂದ ಠೇವಣಿಗೆ ವಿಮೆ ಬಂತು. ಮೊದಲು ಒಬ್ಬನಿಗೆ 1,500 ರೂಪಾಯಿ ತನಕ, 2020ರ ಫೆಬ್ರುವರಿಯಿಂದ 5 ಲಕ್ಷದ ತನಕ. ಗ್ರಾಮೀಣ ಬ್ಯಾಂಕಿಗೂ ಸಹಕಾರಿ ಬ್ಯಾಂಕಿಗೂ ಇದು ಇದೆ. ಚೀಟಿ ನಡೆಸುವವರಿಗೆ, ದುಪ್ಪಟ್ಟು ಮಾಡಿಕೊಡುತ್ತೇವೆ ಅನ್ನುವವರಿಗೆ ಇಲ್ಲ.

ಕನ್ನಡದ ಸಹಿ

ಆ ಹುಡುಗಿಯ ಜೊತೆ ನಾನೂ ಒಂದು ಸೋಮವಾರ ಹೋದೆ. ಹತ್ತು ದಾಟಿದವರ ನಿಯಮ ಹೇಳಿ ವಿಚಾರಿಸಿದೆವು. ಅಲ್ಲಿಯ ಅಧಿಕಾರಿ ಒಳಗೆ ಹೋಗಿ ಕೇಳಿಕೊಂಡು ಬಂದು, "ಆಗ್ತದ, ಕುಂದ್ರಮ್ಮಾ" ಅಂದು ತೆಲುಗು, ಹಿಂದಿ, ಇಂಗ್ಲಿಷಿನ ಅರ್ಜಿ ಕೊಟ್ಟರು. ಆಕೆ ಕನ್ನಡ ಮಾಧ್ಯಮದವಳು. ತೆಲುಗು ಅಕ್ಷರ ಕೂಡಿಸಿ ಕೂಡಿಸಿ ಓದಿ ತುಂಬಿದಳು. ಸಹಿ ಮಾಡುವಲ್ಲಿ ಪೆನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು.

"ಸರ್, ಕನ್ನಡದಾಗ ಮಾಡಿದ್ರ ನಡೀತದೇನ್ರಿ?"

"ನಡೀತದವ್ವ. ಸಹಿ ಯಾವ ಭಾಷಿದಾಗರೆ ಇರಲಿ. ಆದ್ರ ಇವತ್ತು ಹ್ಯಾಂಗ ಮಾಡ್ತಿ, ಪ್ರತಿ ಸಲ ಹಾಂಗೇ ಮಾಡಬೇಕು" ಅಂದೆ.

ಆಕೆ ಅಂಗೈ ಮೇಲೆ ಒಮ್ಮೆ ಬರೆದು ನೋಡಿಕೊಂಡು ಆಮೇಲೆ ಅರ್ಜಿಯ ಮೇಲೆ ಮಾಡಿದಳು. ಸಂಜೆ ಮನೆಗೆ ಹೋಗಿ ಪಾಸ್‌ಬುಕ್ಕನ್ನು ಅಜ್ಜಿಗೆ ಓದಿ ಹೇಳಿದಳಂತೆ. ಓದು ಬಾರದ ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದರಾಗ ಬರದದ್ದು ನಿನಗ ತಿಳೀತದಲ್ಲ, ಸಾಕು" ಅಂದಳಂತೆ. ನಮ್ಮ ಸೀಮೆಯಲ್ಲಿ ಆ ಅಜ್ಜಿಯ ಅಪ್ಪ, ಅವನ ಅಪ್ಪ ಬರೀ ಹೆಬ್ಬೆಟ್ಟು ಒತ್ತಿ ಬಂದವರು.

ಶಾಲೆಯ ಸರ್ ಮೇಡಂಗಳಲ್ಲಿ ನನ್ನದು ಒಂದೇ ಕೋರಿಕೆ. ಎಂಟನೇ ತರಗತಿಯ ಮಕ್ಕಳಲ್ಲಿ ಯಾರಿಗೆ ಖಾತೆ ಇದೆ, ಅದನ್ನು ಯಾರು ನಡೆಸುತ್ತಾರೆ ಎಂದು ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿರಿ. ಖಾತೆ ಇಲ್ಲದವರನ್ನು ಪರೀಕ್ಷೆಯ ಫಲಿತಾಂಶ ಬರುವ ಮುಂಚೆಯೇ ಕರೆದುಕೊಂಡು ಹೋಗ್ರಿ. ಅಪ್ಪ ಅವ್ವ ದೀಪಾವಳಿಗೆ ಊರಿಗೆ ಬಂದಾಗ ಆಧಾರ್ ತಿದ್ದುಪಡಿಯ ಕೆಲಸ ಮುಗಿಸಿಕೊಳ್ಳಲು ಹೇಳ್ರಿ. ಅರ್ಜಿ ಓದಲು ಬಾರದಿದ್ದರೆ ವಾಚನಾಲಯಕ್ಕೆ ಕಳಿಸ್ರಿ. ಸಂಜೆ ಐದರ ಮೇಲೆ ನಮ್ಮಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತೇವೆ.